ಹೊತ್ತು ಮುಳುಗುವುದರೊಳಗೆ ಅಜ್ಜಂಪುರ

ಹಬ್ಬಕ್ಕೆ ಹತ್ತು ದಿನ ಇರುವಾಗ ದರ್ಜಿಯಾದವನು ಅಂಗಡಿ ಬಿಟ್ಟು ಪರವೂರಿಗೆ ಹೊರಟರೆ ಅವನಿಗೆ ತಲೆ ಕೆಟ್ಟಿದೆ ಎಂದೇ ಅರ್ಥ. ಕಡೂರಿನ ನಮ್ಮ ಅಂಗಡಿಯಲ್ಲಿ ಹೊಲಿಯಬೇಕಾದ ಬಟ್ಟೆ ಎದೆಮಟ್ಟ ಬಿದ್ದಿತ್ತು. ಆದರೂ ಸಾವಿರದ ಒಂಬೈನೂರ ಅರವತ್ತರ ಆಚೀಚೆಯ ಆ ವರ್ಷ, ರಂಜಾನಿನ ಇಪ್ಪತ್ತನೆಯ ರೋಜಾದ ದಿನ, ಅಣ್ಣನ ಕೈಗೆ ಕತ್ತರಿ ಕೊಟ್ಟು, ಹಾಸಿಗೆ ಸುತ್ತಿಕೊಂಡು ಸ್ಟೇಷನ್ನಿಗೆ ನಡೆದೆ. ಕಾರಣ, ಅಜ್ಜಂಪುರದಲ್ಲಿದ್ದ ನಮ್ಮ ತಾಯಿಯ ಅಣ್ಣ, ನನ್ನ ಮಾಮು.

ಉಪವಾಸದ ತಿಂಗಳ ಕಡೆಯ ಹತ್ತು ದಿನ ಊರಿನ ಪರವಾಗಿ ಒಬ್ಬರಾದರೂ ಮನೆ, ವ್ಯಾಪಾರ ಎಲ್ಲ ಬಿಟ್ಟು ಮಸೀದಿಯೊಳಗೇ ಇರಬೇಕು. ಅದಕ್ಕೆ ಇತಿಕಾಫ್ ಕೂರುವುದು ಎನ್ನುತ್ತೇವೆ. ಒಬ್ಬ ಕೂತರೆ ಇಡೀ ಊರಿನ ಹೊಣೆ ಇಳಿಯಿತು. ಯಾರೂ ಕೂರದಿದ್ದರೆ ತಪ್ಪು ಎಲ್ಲರ ತಲೆಯ ಮೇಲೆ. ಇಪ್ಪತ್ತನೆಯ ರೋಜಾದ ಹೊತ್ತು ಮುಳುಗುವ ಮೊದಲೇ ಒಳಗೆ ಸೇರಬೇಕು, ತಡವಾದರೆ ಆಗಿಹೋಯಿತು. ನನಗೆ ಬುದ್ಧಿ ಬಂದಾಗಿನಿಂದ ಅಜ್ಜಂಪುರದ ಆ ಚಿಕ್ಕ ಮಸೀದಿಯಲ್ಲಿ ಕೂರುತ್ತಿದ್ದವರು ಮಾಮು ಒಬ್ಬರೇ. ಅದು ಅವರದೇ ಕೆಲಸವೆಂದು ಊರವರು ನಿಶ್ಚಿಂತರಾಗಿದ್ದರು. ಆ ವರ್ಷ ಮಾಮು ಜ್ವರದಿಂದ ಹಾಸಿಗೆ ಹಿಡಿದರು, ಬೇರೆ ಯಾರೂ ಮುಂದೆ ಬರಲಿಲ್ಲ. ಜ್ವರಕ್ಕಿಂತ ಹೆಚ್ಚಾಗಿ ಖಾಲಿ ಜಾಗದ ಕೊರಗು ಅವರನ್ನು ತಿನ್ನುತ್ತಿದೆ, ಗಂಜಿಯನ್ನೂ ಮುಟ್ಟುತ್ತಿಲ್ಲ ಎಂದು ಅವರ ಹೆಂಡತಿ, ನನ್ನ ಮುಮಾನಿ, ಹೇಳಿಕಳಿಸಿದರು. ನಾನು ಬಂದು ಕೂರುತ್ತೇನೆಂದು ಮಾತು ಕೊಟ್ಟೆ.

ಕಡೂರಿನಿಂದ ಬೀರೂರು ಕೂಗಳತೆ. ಅಲ್ಲಿ ಹುಬ್ಬಳ್ಳಿ ಕಡೆಯ ಗಾಡಿಗೆ ಕಾಯುತ್ತ ಬೆಂಚಿನ ಮೇಲೆ ಕೂತೆ. ಸಹರಿಯ ಊಟಕ್ಕೆಂದು ನಸುಕಿಗೇ ಎದ್ದವನಿಗೆ ಬಿಸಿಲಲ್ಲಿ ಜೋಂಪು ಹತ್ತಿತು. ಗಂಟೆ ಹೊಡೆದದ್ದೇ ತಡ, ಕಣ್ಣುಜ್ಜಿಕೊಂಡು ಎದುರಿಗಿದ್ದ ಗಾಡಿ ಹತ್ತಿ ಮತ್ತೆ ತೂಕಡಿಸಿದೆ. ಎಚ್ಚರವಾದಾಗ ಪಕ್ಕದ ರೈತನನ್ನು ಅಜ್ಜಂಪುರ ಎಷ್ಟು ದೂರ ಎಂದು ಕೇಳಿದೆ.

“ಅಜ್ಜಂಪುರನಾ? ಇದು ಶಿವಮೊಗ್ಗದ ಗಾಡಿ ಕಣ್ರೀ! ಈಗ ಬರೋದು ತರೀಕೆರೆ.”

ಗಾಡಿ ನಿಂತದ್ದೇ ಹಾಸಿಗೆ ಸಮೇತ ಇಳಿದೆ. ತರೀಕೆರೆಯ ಟಿಕೆಟ್ ಕಲೆಕ್ಟರು ದಂಡ ಕಟ್ಟಿಸಿಕೊಂಡು ಬುದ್ಧಿಮಾತನ್ನು ಪುಕ್ಕಟೆ ಕೊಟ್ಟರು. ಅಜ್ಜಂಪುರದ ಬಸ್ಸು ಹೋಗಿಯಾಗಿತ್ತು, ಮುಂದಿನದು ದೀಪ ಹಚ್ಚುವ ಹೊತ್ತಿಗಂತೆ. ಹೋಟೆಲಿನಲ್ಲಿ ಬೋಂಡಾ ಕರಿಯುತ್ತಿದ್ದರು. ಅವರೂ ನನ್ನ ಮೇಲೆ ಹಗೆ ಸಾಧಿಸುತ್ತಿರುವಂತೆ ಕಂಡಿತು. ಸಿಕ್ಕಸಿಕ್ಕ ಗಾಡಿಗೆಲ್ಲ ಕೈ ಅಡ್ಡ ಮಾಡಿದೆ. ಕೊನೆಗೆ ಲಿಂಗದಹಳ್ಳಿ ಕಡೆಯಿಂದ ಬಿದಿರು ಹೇರಿಕೊಂಡು ಬಂದ ಲಾರಿಯೊಂದು ನಿಂತಿತು. ಡ್ರೈವರ್ ಸಿದ್ದಪ್ಪ ಅಜ್ಜಂಪುರ ದಾಟಿ ಹೋಗುವವನು.

ಏರಿನಲ್ಲಿ ಲಾರಿ ಹೊಗೆಯಾಡಿ ನಿಂತಿತು. ಸಿದ್ದಪ್ಪ ಹಳ್ಳದ ನೀರು ತಂದು ರೇಡಿಯೇಟರಿಗೆ ಹೊಯ್ದ. ಆಮೇಲೆ ತಾನು ಕುಡಿಯಲು ತಂದಿದ್ದ ಬಾಟಲಿಯನ್ನು ನನ್ನತ್ತ ಚಾಚಿದ. ರೋಜಾ ಎಂದೆ.

“ನೀರೂ ಇಲ್ವಾ? ನಮ್ಮವ್ವ ಶಿವರಾತ್ರಿ ಉಪ್ವಾಸಕ್ಕೆ ಹಣ್ಣು, ಹಾಲು ಎಲ್ಲ ತಗೊಂತಾಳೆ ಕಣ್ರೀ. ಅಂಥಾ ಅರ್ಜೆಂಟು ಏನು ನಿಮ್ದು?”

ಹೇಳಿದೆ. ಅವನು ಕಣ್ಣಿಗೆ ಕೈ ಮರೆಮಾಡಿ ಸೂರ್ಯನನ್ನು ನೋಡಿದ.

“ಇಡೀ ಊರಿನ ಪರವಾಗಿ ಒಬ್ಬನಾ? ಮದ್ಲೇ ಹೇಳೋದಲ್ವಾ! ಹತ್ತಿ, ಹತ್ತಿ.”

ಅಲ್ಲಿಂದ ಅವನು ಓಡಿಸಿದ ಬಗೆಗೆ ನಾನು ಬಾಯಿಗೆ ಬಂದ ದುವಾ-ಪ್ರಾರ್ಥನೆಗಳನ್ನೆಲ್ಲ ಹೇಳಿಕೊಂಡೆ. ಅಜ್ಜಂಪುರ ಬಂದಾಗ ಬಿಸಿಲು ಬರೀ ಹೆಂಚುಗಳ ಮೇಲಿತ್ತು. ಹಾಸಿಗೆ ಹೆಗಲಿಗೇರಿಸಿ ಓಡಿದೆ.

ಮಸೀದಿಯ ದಾರಿಯಲ್ಲೇ ಮಾಮುವಿನ ಮನೆ. ಬಾಗಿಲ ಮುಂದೆ ಮಂಚ ಹಾಕಿಸಿಕೊಂಡು, ದಿಂಬಿಗೆ ಒರಗಿ, ಮಾಮು ಪಡುವಣವನ್ನೇ ನೋಡುತ್ತಿದ್ದರು. ಮುಖ ಅರ್ಧಕ್ಕೆ ಇಳಿದಿತ್ತು. ಕಾಯಿಲೆಯ ಹಿರಿಯರಿಗೆ ಸಲಾಮ್ ಹೇಳದೆ ಹೇಗೆ ದಾಟುವುದು? ನನ್ನ ಕಾಲು ತಾನಾಗಿ ನಿಧಾನಿಸಿತು. ಮಾಮು ಮೊಣಕೈ ಊರಿ ಎದ್ದರು. ನಮ್ಮ ಮನೆಮಾತು ಉರ್ದು. ಅವರು ಕೂಗಿದ್ದು ಕನ್ನಡದಲ್ಲಾದರೆ ಹೀಗಿರುತ್ತಿತ್ತು:

“ನಿಲ್ಬ್ಯಾಡ ಕಣೋ! ಓಡು!”

ಓಡಿದೆ. ಚಪ್ಪಲಿ ಎಲ್ಲಿ ಬಿತ್ತೋ ಕಾಣೆ. ಒಳಗೆ ಕಾಲಿಟ್ಟು, ಮನಸ್ಸಿನಲ್ಲೇ ನಿಯತ್ತು, ಅಂದರೆ ಸಂಕಲ್ಪ, ಮಾಡಿ, ಅದಕ್ಕೆಂದೇ ಮೂಲೆಯಲ್ಲಿ ಕಟ್ಟಿದ್ದ ಬಿಳಿ ಪರದೆಯ ಹಿಂದೆ ಕುಸಿದೆ. ಉಸಿರು ತಹಬಂದಿಗೆ ಬರುವ ಮೊದಲೇ ಅಜಾನ್ ಕೂಗಿದರು. ಖರ್ಜೂರ ಬಾಯಿಗಿಟ್ಟುಕೊಂಡು ಮಗುವಿನಂತೆ ಅತ್ತುಬಿಟ್ಟೆ, ದುಃಖಕ್ಕಲ್ಲ. ನಮಾಜಿನ ನಂತರ ಮುಮಾನಿ ಕಳಿಸಿದ ಊಟದ ಜೊತೆ ಸುದ್ದಿಯೂ ಬಂತು: ಮಾಮು ಬಟ್ಟಲು ತುಂಬ ಗಂಜಿ ಕೇಳಿ ಕುಡಿದು, ಗೊರಕೆ ಹೊಡೆಯುತ್ತಿದ್ದಾರೆ.

ಒಳಗಿನ ದಿನಗಳ ಬಗ್ಗೆ ಹೆಚ್ಚು ಹೇಳಲಾರೆ. ಮೊದಮೊದಲು ನಿದ್ದೆಯಲ್ಲಿ ನನ್ನ ಕಾಲು ಮಿಷನ್ ತುಳಿಯುತ್ತಿತ್ತು, ಆಮೇಲೆ ಸುಮ್ಮನಾಯಿತು. ಮನಸ್ಸು ಬೇರೆಂದೂ ಅಷ್ಟು ಹಗುರವಾಗಿದ್ದದ್ದು ನನಗೆ ನೆನಪಿಲ್ಲ. ಕಷ್ಟವೆಂದರೆ ಒಂದೇ, ಇತಿಕಾಫಿನಲ್ಲಿದ್ದವನು ಕಾಯಿಲೆಯವರನ್ನು ನೋಡಲೂ ಹೊರಗೆ ಹೋಗುವಂತಿಲ್ಲ. ಕಿಟಕಿಯಿಂದ ಮಾಮುವಿನ ಮನೆಯ ಹೆಂಚು ಕಾಣುತ್ತಿತ್ತು. ನಮಾಜಿಗೆ ಬಂದವರನ್ನೆಲ್ಲ ಹಿಡಿದು ಹೇಗಿದ್ದಾರೆಂದು ಕೇಳುತ್ತಿದ್ದೆ.

ಹಬ್ಬದ ಚಂದ್ರ ಕಂಡ ಸಂಜೆ, ಹಾಸಿಗೆ ಸುತ್ತಿಕೊಂಡು ಹೊಸ್ತಿಲು ದಾಟಿದೆ. ಮೆಟ್ಟಿಲ ಬಳಿ ಕೋಲೂರಿಕೊಂಡು, ತೆಳ್ಳಗಾದ ಮೈಗೆ ಶಾಲು ಹೊದ್ದು, ಮಾಮು ನಿಂತಿದ್ದರು. ನಾನು ಆ ಕ್ಷಣವಷ್ಟೇ ರೈಲಿಳಿದವನೆಂಬಂತೆ ನೋಡಿದರು.

“ಬಂದ್ಯೇನಪ್ಪಾ? ಕಡೂರಲ್ಲಿ ಎಲ್ರೂ ಚೆನ್ನಾಗವ್ರಾ?”

“ಈಗ ಬಂದೆ ಮಾಮು,” ಎಂದು, ಹತ್ತು ದಿನದಿಂದ ಗಂಟಲಲ್ಲೇ ಉಳಿದಿದ್ದ ಸಲಾಮ್ ಹೇಳಿದೆ.