ಚಿರುತ ಅಳಿಸಿ ಹಾಕಿಸಿದ್ದು

ಚಿರುತ ಕಲ್ಲೆದೆಯ ಹೆಂಗಸು. ಕಲ್ಲೂರಿನ ಕಾಡಂಚಿನ ಕೇರಿಯಲ್ಲಿ ಈ ಮಾತನ್ನು ಯಾರೂ ಪಿಸುಗುಟ್ಟುವುದಿಲ್ಲ, ಅವಳೆದುರೇ ಆಡುತ್ತಾರೆ, ಅವಳೂ ಅಲ್ಲವೆನ್ನುವುದಿಲ್ಲ. ಇಪ್ಪತ್ತೆರಡರ ಮಗ ಸುಧೀಶ್ ಫೆಬ್ರವರಿಯಲ್ಲಿ ಮಂಗನ ಜ್ವರದಿಂದ ಸತ್ತಾಗ ಅವಳ ಕಣ್ಣಲ್ಲಿ ಹನಿ ನೀರು ಕಂಡವರಿಲ್ಲ. ಸೌದೆಗೆಂದು ಕಾಡಿಗೆ ಹೋದವನಿಗೆ ಉಣ್ಣೆಹುಳ ಕಚ್ಚಿತ್ತು. ಜ್ವರ ಬಂದ ಹನ್ನೊಂದನೆಯ ದಿನ ಎಲ್ಲ ಮುಗಿದಿತ್ತು. ಮಣ್ಣು ಮಾಡಿದ ನಾಲ್ಕನೆಯ ದಿನ ಅವಳು ಕಾಫಿ ಕುಯ್ಲಿಗೆ ಹೊರಟಳು. "ಹಣ್ಣು ಉದುರುತ್ತೆ. ಯಾರು ಸತ್ತರೂ ಅದು ಕಾಯಲ್ಲ" ಎಂದಳು.

ಅವರ ಮನೆಯಲ್ಲಿ ಹಿರಿಯರಿಂದ ಬಂದ ಒಂದು ಕಟ್ಟು ಇದೆ. ವರ್ಷದ ಕಾರ್ಯ ಮುಗಿಯುವ ತನಕ ತೀರಿಹೋದವರ ಹೆಸರನ್ನು ಬಾಯಲ್ಲಿ ಆಡಬಾರದು. ಕರೆದರೆ ಹೋಗುತ್ತಿರುವ ಜೀವ ದಾರಿಯಲ್ಲೇ ನಿಂತು ತಿರುಗಿ ನೋಡುತ್ತದೆ. ಉಳಿದವರು ಇಂಥದ್ದನ್ನೆಲ್ಲ ಈಗ ಸಡಿಲ ಬಿಟ್ಟಿದ್ದಾರೆ. ಚಿರುತ ಬಿಡಲಿಲ್ಲ. ಮಗಳು ಸರಿತ ಒಮ್ಮೆ ಬಾಯಿ ತಪ್ಪಿ ಅಣ್ಣನ ಹೆಸರೆತ್ತಿದ್ದಕ್ಕೆ ಕೆನ್ನೆಗೆ ಬಿತ್ತು.

ಬಾಯಲ್ಲಿ ಆಡದ ಹೆಸರು ಕಾಗದಗಳ ಮೇಲೆ ಮಾತ್ರ ಉಳಿದಿತ್ತು. ಶಾಲೆಯ ಚೀಟಿ, ಆಸ್ಪತ್ರೆಯ ಚೀಟಿ, ಕೊನೆಗೆ ಮರಣದ ಚೀಟಿ. ಚಿರುತಳಿಗೆ ಇಂಗ್ಲಿಷ್ ಬಾರದು. ಆದರೆ ಕಚೇರಿಗಳ ಮುಂದೆ ನಿಂತು ನಿಂತು, ರಾಶಿಯಲ್ಲಿ ಮಗನ ಕಾಗದ ಯಾವುದೆಂದು ಗುರುತಿಸಲು, ಅವನ ಹೆಸರಿನ ಎಂಟು ಇಂಗ್ಲಿಷ್ ಅಕ್ಷರಗಳ ಆಕಾರವನ್ನು ಅವಳು ಕಲಿತುಕೊಂಡಿದ್ದಳು. ಬೇರೆ ಅಕ್ಷರ ಒಂದೂ ಗೊತ್ತಿರಲಿಲ್ಲ.

ಅವನು ಬಿಟ್ಟುಹೋದದ್ದು ಒಂದು ಲ್ಯಾಪ್‌ಟಾಪ್, ಓದುವಾಗ ಪಂಚಾಯಿತಿಯಿಂದ ಬಂದದ್ದು. ಸರಿತ ಅದನ್ನು ಹಿಡಿದು ಕೂತವಳು ಏಳಲಿಲ್ಲ. ಬತ್ತೇರಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕೋರ್ಸಿಗೆ ಸೀಟು ಸಿಕ್ಕಿತ್ತು; ಆ ಮಾತನ್ನೇ ಎತ್ತುತ್ತಿರಲಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅದರಲ್ಲಿದ್ದ ಅಣ್ಣನ ದನಿ ಕೇಳುವುದು, ಗಂಜಿ ತಣ್ಣಗಾಗುವುದು, ಮತ್ತೆ ಕೇಳುವುದು. ಮೂರು ತಿಂಗಳಲ್ಲಿ ಅವಳ ಕೈಬಳೆ ಮೊಣಕೈವರೆಗೆ ಜಾರುವಂತಾಯಿತು. ಜೂನ್ ಹತ್ತಿರ ಬಂದಾಗ ಆ ಯಂತ್ರವೇ ಕೈಕೊಟ್ಟಿತು. ಪರದೆಯ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇದ್ದವು, ಮುಂದೆ ಹೋಗಲಿಲ್ಲ. ಚಿರುತ ಅದನ್ನು ಅಕ್ಕಿಚೀಲದಲ್ಲಿ ಸುತ್ತಿ, ಮಗಳ ರಟ್ಟೆ ಹಿಡಿದು ಮೀನಂಗಡಿ ಎಂಬ ಪೇಟೆಯ ಬಸ್ಸು ಹತ್ತಿಸಿದಳು. ಹತ್ತಿರದ ಬತ್ತೇರಿಯಲ್ಲಿ ರಿಪೇರಿ ಅಂಗಡಿ ಇಲ್ಲವೆಂದಲ್ಲ. ಮೀನಂಗಡಿಯಲ್ಲಿ ರಿಪೇರಿ ಅಂಗಡಿ ಇಟ್ಟ ಹರೀಶನ ತಂದೆಯ ಶುಂಠಿ ಹೊಲದಲ್ಲಿ ಅವಳು ಕೂಲಿ ಮಾಡಿದ್ದಳು. ಬೇರೆ ಅಂಗಡಿಗಳಲ್ಲೆಲ್ಲ ಮಲಯಾಳ; ಅವನ ಹತ್ತಿರವಾದರೆ ಕನ್ನಡದಲ್ಲೇ ಜಗಳವಾಡಬಹುದು.

"ಏನು ಚಿರುತಕ್ಕ, ಚೀಲದಲ್ಲಿ ಕೋಳಿಯಾ?" ಎಂದ ಹರೀಶ್.

"ಕೋಳಿಯಾಗಿದ್ರೆ ಸಾರು ಮಾಡ್ತಿದ್ದೆ. ಇದು ಮೊಟ್ಟೆನೂ ಇಡಲ್ಲ. ನೋಡು ಮಗನೇ."

ಹರೀಶ್ ನೋಡಿದ. "ಇದರ ಹೊಟ್ಟೆ ಮೂವತ್ತೆರಡು ಜಿಬಿ, ಅಷ್ಟೇ. ವಿಂಡೋಸ್ ಮುಕ್ಕಾಲು ತಿಂದಿದೆ, ಇನ್ನೂ ಬೇಕು ಅಂತ ಕೂತಿದೆ. ಡಿಸ್ಕ್ ಬದಲಾಯಿಸೋಣ ಅಂದ್ರೆ ಬೋರ್ಡಿಗೇ ಬೆಸುಗೆ ಹಾಕಿದ್ದಾರೆ. ಎಲ್ಲ ತೆಗೆದು ಲಿನಕ್ಸ್ ಹಾಕಬೇಕು. ಅದು ಕಮ್ಮಿ ತಿಂದು ದುಡಿಯುತ್ತೆ, ನಿನ್ನ ಹಾಗೆ."

"ಸ್ಕೂಲಲ್ಲಿ ಅದೇ ಇತ್ತು" ಎಂದಳು ಸರಿತ. "ಆದ್ರೆ ಇದರಲ್ಲಿ ಇರೋದು?"

ಹರೀಶ್ ಪೆನ್ ಡ್ರೈವ್ ಸಿಕ್ಕಿಸಿ, ಅದರಿಂದಲೇ ಲಿನಕ್ಸ್ ಎಬ್ಬಿಸಿ ಯಂತ್ರದ ಒಳಗೆ ಇಣುಕಿದ. ಒಂದು ಫೈಲಿನ ಮೇಲೆ ಒತ್ತಿದ. ಅಂಗಡಿಯ ತುಂಬ ಚಿರುತಳದೇ ದನಿ ಕೇಳಿತು: "ಎದ್ದೇಳೋ ಸೋಮಾರಿ! ನೀನು ಏಳೋ ತನಕ ಕಾಯಕ್ಕೆ ಸೂರ್ಯ ನಿಮ್ಮಪ್ಪನ ಆಳಾ?" ಹಿಂದೆಯೇ ಒಂದು ನಗು. "ಇನ್ನೊಂದು ಸಲ ಬಯ್ಯವ್ವೆ, ಸರಿಯಾಗಿ ರೆಕಾರ್ಡ್ ಆಗಲಿಲ್ಲ."

ತಾಯಿಯ ಬೈಗುಳಗಳನ್ನು ಕದ್ದು ಹಿಡಿದಿಡುವುದು ಆ ಮಗನ ಚಾಳಿಯಾಗಿತ್ತು.

"ಮುಚ್ಚು" ಎಂದಳು ಚಿರುತ. ಅವಳ ಕೈ ಮೇಜಿನ ಅಂಚನ್ನು ಹಿಡಿದಿತ್ತು.

"ಇಂಥವು ಇನ್ನೂರಕ್ಕೂ ಮೇಲಿವೆ ಅಕ್ಕ. ಬೇರೆ ಪೆನ್ ಡ್ರೈವಿಗೆ ಹಾಕಿಕೊಡ್ತೀನಿ. ಅರ್ಧ ಗಂಟೆ ಕೆಲಸ."

"ಬೇಡ."

"ಅವ್ವೆ!" ಸರಿತ ಎದ್ದು ನಿಂತಳು. "ಅಣ್ಣನ ಶಬ್ದ ಇರೋದು ಅದೊಂದರಲ್ಲೇ!"

"ಅದಕ್ಕೇ ಬೇಡ. ನೀನು ಕರೀತಾ ಕೂತ್ರೆ ಅವನು ಹೋಗೋದು ಹೆಂಗೆ? ನೀನು ಏಳೋದು ಹೆಂಗೆ? ಒಂದನ್ನ ಕಾಡು ತಗೊಂತು. ಇನ್ನೊಂದನ್ನ ಈ ಪೆಟ್ಟಿಗೆಗೆ ಕೊಡಲ್ಲ."

"ನೀನು ತಾಯೇ ಅಲ್ಲ."

"ಇರಬಹುದು. ನಾಡಿದ್ದು ಕ್ಲಾಸು ಶುರು."

ಸರಿತ ಹೊರಗೆ ಹೋಗಿ ಹೆದ್ದಾರಿಗೆ ಮುಖ ಮಾಡಿ ಮೆಟ್ಟಿಲ ಮೇಲೆ ಕೂತಳು. ಹರೀಶ್ ಗಿರಾಕಿಗಳ ಮನೆಜಗಳಕ್ಕೆ ತಲೆ ಹಾಕುವವನಲ್ಲ. ಆದರೂ ಕೈ ತಡೆಯಿತು. ಇಡೀ ಡಿಸ್ಕ್ ಅಳಿಸಬೇಕೇ ಎಂದು ಪರದೆ ಕೇಳುತ್ತಿತ್ತು.

"ಒತ್ತಿದ ಮೇಲೆ ನಾನಲ್ಲ, ಆ ಬೆಟ್ಟದ ಮಾದಪ್ಪ ಇಳಿದು ಬಂದ್ರೂ ವಾಪಸ್ ಬರಲ್ಲ. ಆಮೇಲೆ ನನ್ನ ಬಯ್ಯಬೇಡ."

"ಒತ್ತು."

ಒತ್ತಿದ. ಒಂದು ಗೆರೆ ಎಡದಿಂದ ಬಲಕ್ಕೆ ತುಂಬತೊಡಗಿತು. ಚಿರುತ ಅದರಿಂದ ಕಣ್ಣು ತೆಗೆಯಲಿಲ್ಲ. ಹರೀಶ್ ತರಿಸಿದ ಚಹಾ ಅವಳ ಮುಂದೆ ಕೆನೆಗಟ್ಟಿತು. ಹೊರಗೆ ಮರದ ಲಾರಿಗಳು ಹೋದವು, ಬಂದವು. ಸರಿತ ತಿರುಗಿ ನೋಡಲಿಲ್ಲ. ಅವಳು ಆ ದಿನವಾಗಲಿ, ಆಮೇಲೆ ಎಷ್ಟೋ ದಿನವಾಗಲಿ ತಾಯಿಯೊಡನೆ ಮಾತಾಡಲಿಲ್ಲ. ಆದರೆ ಮೂರನೆಯ ದಿನ ಕ್ಲಾಸಿಗೆ ಹೋದಳು.

ಗೆರೆ ಅರ್ಧ ತುಂಬಿದಾಗ ಪರದೆಯ ಮೇಲೆ ಒಂದು ಖಾಲಿ ಚೌಕ ಮೂಡಿತು.

"ಇಲ್ಲೊಂದು ಹೆಸರು ಕೊಡಬೇಕು" ಎಂದ ಹರೀಶ್. "ಆನ್ ಮಾಡಿದಾಗಲೆಲ್ಲ ಅದೇ ಹೆಸರು ಬರುತ್ತೆ. ಸರಿತ ಅಂತ ಹಾಕಲಾ?"

ಚಿರುತ ಬಾಗಿಲ ಕಡೆ ನೋಡಿದಳು. ಮಗಳ ಬೆನ್ನು ಕಾಣುತ್ತಿತ್ತು. "ತಡಿ" ಎಂದು ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡಳು.

ಶುಂಠಿ ಹೊಲದ ಮಣ್ಣಿಗೆ ಬಿರುಕು ಬಿಟ್ಟ ತೋರುಬೆರಳು ಕೀಲಿಗಳ ಮೇಲೆ ತಡವರಿಸಿತು. ಮೊದಲ ಅಕ್ಷರ ಹುಡುಕಲು ಬಹಳ ಹೊತ್ತು ಹಿಡಿಯಿತು. ಎರಡನೆಯದು ಮೇಲಿನ ಸಾಲಿನಲ್ಲಿತ್ತು. ಹರೀಶ್ ತೋರಿಸಲು ಕೈ ಚಾಚಿದ. ಅವಳು ಆ ಕೈಯನ್ನು ಪಕ್ಕಕ್ಕೆ ಸರಿಸಿದಳು. ಐದನೆಯದೂ ಆರನೆಯದೂ ಒಂದೇ ಕೀಲಿ, ಎರಡು ಸಲ ಒತ್ತಿದಳು. ತುಟಿ ಬಿಗಿದೇ ಇತ್ತು. ಎಂಟೂ ಮುಗಿದ ಮೇಲೆ ಒಂದೊಂದರ ಮೇಲೂ ಬೆರಳಿಟ್ಟು ನೋಡಿಕೊಂಡು, ಲ್ಯಾಪ್‌ಟಾಪನ್ನು ಹರೀಶನ ಕಡೆ ತಿರುಗಿಸಿದಳು.