ತೊಳೆದ ಮೇಲೆ ತಾಗಿದ ಕೈ

ಭದ್ರಾವತಿಯ ಜನ್ನಾಪುರದ ಉಮಾಮಹೇಶ್ವರಿಗೆ ಮುರಿದ ಲೋಹ ಕಂಡರೆ ಸುಮ್ಮನೆ ದಾಟಿ ಹೋಗಲು ಆಗುತ್ತಿರಲಿಲ್ಲ. ಯಾಕೆ ಮುರಿಯಿತೆಂದು ತಿರುವಿ ನೋಡಿಯೇ ಮುಂದಿನ ಮಾತು. ದಿನಾ ಅಲ್ಲಿಂದ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬಂದು, ಷಡಕ್ಷರಪ್ಪನವರ ವಾಲ್ವ್ ಕಾರ್ಖಾನೆಯಲ್ಲಿ ಮಾಲು ಪರೀಕ್ಷಿಸಿ ಪಾಸು ಮಾಡುವುದು ಅವಳ ಕೆಲಸ.

ಆ ವರ್ಷ ಅವರ ವಾಲ್ವುಗಳು ಒಂದು ಖಾಸಗಿ ಕಂಪನಿಯ ಗಗನನೌಕೆಗೆ ಹೋದವು. ನೌಕೆ ಇನ್ನೂ ನೆಲದ ಮೇಲೆ ಪರೀಕ್ಷೆಯಲ್ಲಿದ್ದಾಗಲೇ ಆಮ್ಲಜನಕದ ಕೊಳವೆಯಲ್ಲಿ ಬೆಂಕಿ ಹತ್ತಿ, ಒಳಗೆ ಕೂತಿದ್ದ ಎಂಜಿನಿಯರ್ ಜ್ಞಾನೇಶ್ ತೀರಿಕೊಂಡ. ಅವನು ವಾಲ್ವನ್ನು ಅವಸರದಲ್ಲಿ ತಿರುಗಿಸಿ, ಆಮ್ಲಜನಕ ಒಮ್ಮೆಲೇ ನುಗ್ಗಿದ್ದೇ ಕಾರಣವೆಂದು ತನಿಖೆಯವರು ಹೇಳತೊಡಗಿದರು. ಸತ್ತವನು ಎದ್ದುಬಂದು ಅಲ್ಲ ಎನ್ನುತ್ತಾನೆಯೇ?

ಉಮಾಮಹೇಶ್ವರಿ ಕಾರ್ಖಾನೆಯ ಸ್ಟೋರಿಗೆ ಹೋದಳು. ನೌಕೆಗೆ ಕಳಿಸಿದವುಗಳ ಜೊತೆಗೇ ಮಾಡಿದ ಎರಡು ವಾಲ್ವುಗಳು ಅಲ್ಲಿ ಉಳಿದಿದ್ದವು. ಒಂದರ ಮೊಹರು ಬಿಚ್ಚಿ ಬಾಯಿಯೊಳಗೆ ಟಾರ್ಚು ಹಿಡಿದಳು. ಮರೆಯ ಸಂದಿಯಲ್ಲಿ ಕೆಂಪು ಪುಡಿ. ಬಿಳಿ ಕಾಗದ ಒತ್ತಿದರೆ ಎಣ್ಣೆಯ ಕಲೆ.

ಪ್ಯಾಕಿಂಗ್ ನೋಡಿಕೊಳ್ಳುವ ಜಂಬಣ್ಣನನ್ನು ಕರೆದಳು.

"ಕುಂಕುಮ ಅಲ್ವೇನಕ್ಕ," ಎಂದ ಅವನು. "ಆಯುಧಪೂಜೇಲಿ ಬಾಯಿಗೆ ಹಚ್ಚಿದ್ದು. ಆಕಾಶಕ್ಕೆ ಹೋಗೋ ಮಾಲು, ಹಂಗೇ ಕಳ್ಸಕ್ಕಾಗುತ್ತಾ? ಬರೀ ಪುಡಿ ನಿಲ್ಲಲ್ಲ ಅಂತ ಒಂಚೂರು ಎಣ್ಣೆ ತಾಗ್ಸಿದ್ದೆ. ಆಮೇಲೆ ಒರೆಸಿದೀನಿ."

"ತೊಳೆದಾದ್ಮೇಲೆ ಹಚ್ಚಿದ್ದಾ?"

"ಮತ್ತೆ? ತೊಳೀದೆ ಯಾರಾದ್ರೂ ಪೂಜೆ ಮಾಡ್ತಾರಾ?"

ಶುದ್ಧ ಆಮ್ಲಜನಕದ ಒತ್ತಡದಲ್ಲಿ ಎಣ್ಣೆಯ ಹನಿಯೂ ಹೊತ್ತಿಕೊಳ್ಳುತ್ತದೆ; ಜಿಡ್ಡು ಉಳಿಯಬಾರದೆಂದೇ ವಾಲ್ವನ್ನು ಕೊನೆಗೆ ತೊಳೆಯುವುದು. ಅನುಮಾನ ಸಾಲದು ಎಂದು ಉಮಾಮಹೇಶ್ವರಿ ಎರಡೂ ವಾಲ್ವುಗಳನ್ನು ಪರೀಕ್ಷಾ ಕೊಠಡಿಗೆ ಒಯ್ದಳು. ಒಂದನ್ನು ಹೊಸದಾಗಿ ತೊಳೆಸಿ, ಇನ್ನೊಂದನ್ನು ಇದ್ದಂತೆಯೇ ಇಟ್ಟು, ದಪ್ಪ ಗೋಡೆಯಾಚೆ ನಿಂತು ಆಮ್ಲಜನಕ ಬಿಡಿಸಿದಳು. ತೊಳೆದದ್ದು ಒಮ್ಮೆಲೇ ತೆರೆದರೂ ತಣ್ಣಗಿತ್ತು. ಕುಂಕುಮದ್ದು ಎಷ್ಟು ಮೆಲ್ಲಗೆ ತೆರೆದರೂ ಉರಿದು ಕಪ್ಪಾಯಿತು.

ಷಡಕ್ಷರಪ್ಪ ಕೇಳಿ ಕುರ್ಚಿಗೆ ಒರಗಿದರು. "ದೇವರ ಕುಂಕುಮ ಮನುಷ್ಯನ್ನ ಕೊಲ್ತು ಅಂತ ಹೇಳಕ್ಕೆ ಹೊರಟಿದೀಯಾ, ಮಾರಾಯ್ತಿ? ಕಾರ್ಖಾನೆ ಬಾಗಿಲು ಮುಚ್ಚಿಸ್ತೀಯಾ?"

"ದೇವರ ತಂಟೆಗೆ ನಾನು ಹೋಗಲ್ಲ ಸಾರ್. ಎಣ್ಣೆ ಹಚ್ಚಿದ್ದು ನಾವು. ಪಾಸು ಮಾಡಿದ್ದು ನಾನು. ನನ್ನ ಹೆಸರೂ ಹೇಳ್ತೀನಿ."

"ಪಾಪ, ಆ ಜಂಬಣ್ಣ?"

"ಎಣ್ಣೆ ತಾಗಬಾರದು ಅಂತ ಅವನಿಗೆ ನಾವ್ಯಾರೂ ಹೇಳಿಕೊಟ್ಟಿರಲಿಲ್ಲ. ಅದನ್ನೂ ಹೇಳ್ತೀನಿ."

ಅವಳು ಎರಡೂ ವಾಲ್ವುಗಳನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಟಳು.

ತನಿಖೆಯ ಸಭೆಯಲ್ಲಿ ಜ್ಞಾನೇಶನ ತಾಯಿ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಉಮಾಮಹೇಶ್ವರಿ ಎರಡೂ ವಾಲ್ವುಗಳನ್ನು ಮೇಜಿನ ಮೇಲಿಟ್ಟು, ಅಧಿಕಾರಿಗಳಿಗಿಂತ ಮೊದಲು ಆಕೆಯ ಕಡೆ ತಿರುಗಿದಳು.

"ತಪ್ಪಾಗಿರೋದು ನಮ್ಮ ಕಡೆಯಿಂದಮ್ಮ. ನಿಮ್ಮ ಮಗನಿಂದಲ್ಲ."

ಆಮೇಲೆ ಕುರ್ಚಿ ಎಳೆದುಕೊಂಡು, ಅಧಿಕಾರಿಗಳ ಪ್ರಶ್ನೆಗಳಿಗೆ ಉತ್ತರ ಹೇಳಲು ಕೂತಳು.