ಬರಿಗಾಲಿನ ಸಾಕ್ಷ್ಯ

ಹಂಸಾ ತೀರಿಕೊಂಡಳು. ಕಳೆದ ಗುರುವಾರ ಮಧ್ಯಾಹ್ನ, ಹ್ಯೂಸ್ಟನ್‌ನಿಂದ ಡಾಲಸ್‌ಗೆ ಬರುವ ಹೆದ್ದಾರಿಯಲ್ಲಿ ಹಂಟ್ಸ್‌ವಿಲ್ ದಾಟಿದ ಮೇಲೆ, ರಸ್ತೆಯಂಚಿನಲ್ಲಿ ನಿಂತಿದ್ದ ಅವಳ ಕಾರಿಗೆ ದೊಡ್ಡ ಟ್ರಕ್ಕೊಂದು ಹಿಂದಿನಿಂದ ಗುದ್ದಿತು. ಅರವತ್ತೆಂಟು ವರ್ಷವಾಗಿತ್ತು. ಆಸ್ಪತ್ರೆಗೆ ಒಯ್ಯುವ ಪ್ರಶ್ನೆಯೇ ಬರಲಿಲ್ಲವೆಂದು ಪೊಲೀಸರು ಅವಳ ಗಂಡ ಗಿರಿಧರ್‌ಗೆ ಹೇಳಿದರು.

ಮೈಸೂರಿನಲ್ಲಿ ಡಾಕ್ಟರಿಕೆ ಓದಿ ಬಂದವಳು ಟೆಕ್ಸಸ್ಸಿನಲ್ಲಿ ಇಪ್ಪತ್ತೇಳು ವರ್ಷ ಮಾಡಿದ್ದು ಶವಪರೀಕ್ಷೆ. ಗುಂಡೇಟು, ಚಾಕುವಿನ ಇರಿತ, ಬಾತ್‌ಟಬ್ಬಿನಲ್ಲಿ ಮುಳುಗಿಸಿದ ಮಗು. ಡಾಲಸ್ ಪಕ್ಕದ ಕಾಪೆಲ್‌ನ ಕನ್ನಡದ ಮನೆಗಳಲ್ಲಿ ಅವಳನ್ನು ಹೊಸಬರಿಗೆ 'ಲ್ಯಾಬ್ ಡಾಕ್ಟರ್' ಎಂದು ಪರಿಚಯಿಸುತ್ತಿದ್ದರು. ಇವಳು ಬಿಸಿಬೇಳೆಭಾತ್ ಬಡಿಸಿಕೊಳ್ಳುತ್ತಲೇ ತಿದ್ದುತ್ತಿದ್ದಳು: "ಹೆಣ ಕೊಯ್ಯೋಳು ಕಣ್ರೀ. ನನ್ನ ಪೇಷೆಂಟು ಯಾರೂ ಇವತ್ತಿನವರೆಗೆ ಕಂಪ್ಲೇಂಟ್ ಮಾಡಿಲ್ಲ."

ನಿವೃತ್ತಿಯಾದ ಮೇಲೆ ಅವಳನ್ನು ಬದುಕಿದವರ ಕಡೆಗೆ ಎಳೆದವನು ಸುಹಾಸ್. ಗೆಳತಿಯ ಮಗ, ಆಸ್ಟಿನ್‌ನಲ್ಲಿ ವಕೀಲ. ನೇಪಾಳದ ಅಂತರ್ಯುದ್ಧ ಮುಗಿದು ಹತ್ತಿರ ಹತ್ತಿರ ಇಪ್ಪತ್ತು ವರ್ಷವಾದರೂ, ಜನರನ್ನು ಹಿಡಿದುಕೊಂಡು ಹೋಗಿ ಬಡಿದ ಸೈನ್ಯದವರನ್ನು ಕಾನೂನು ಮುಟ್ಟಿರಲಿಲ್ಲ. ಈಗ ಕಾನೂನು ತಿದ್ದುಪಡಿಯಾಗಿತ್ತು. ಕಠ್ಮಂಡುವಿನ ವಕೀಲರ ಗುಂಪೊಂದು ಸುಹಾಸನಂಥವರ ಮೂಲಕ ಹೊರದೇಶಗಳಲ್ಲಿರುವ ಸಂತ್ರಸ್ತರಿಂದ ವೈದ್ಯರ ವರದಿಗಳನ್ನು ತರಿಸಿಕೊಳ್ಳುತ್ತಿತ್ತು. ಗಾಯದ ಕಲೆ ಎಲ್ಲಿದೆ, ಎಷ್ಟು ಉದ್ದ, ಹೇಳುವವನ ಮಾತಿಗೂ ಅದಕ್ಕೂ ತಾಳೆಯಾಗುತ್ತದೆಯೇ ಎಂದು ಹಂಸಾ ಬರೆದುಕೊಡುತ್ತಿದ್ದಳು. ನಾಲ್ಕು ವರದಿಗಳು ಹೋಗಿದ್ದವು. ಐದನೆಯವನು ಫಿರುಲಾಲ್.

ಹ್ಯೂಸ್ಟನ್‌ನ ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡುವ ಫಿರುಲಾಲ್, ಅವಳು ಸಾಯುವ ನಾಲ್ಕು ದಿನ ಮೊದಲು, ಭಾನುವಾರ, ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಡಾಲಸ್ ಅಂಚಿನ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಅವಳ ಮನೆಗೆ ಬಂದ. ಹಂಸಾ ಬಾಗಿಲು ತೆರೆದಳು, ನಕ್ಕಳು, ಎಲ್ಲರಿಗೂ ಹೇಳುವ ಹಾಗೆ ಅವನಿಗೂ ಹಿಂದಿಯಲ್ಲಿ ಹೇಳಿದಳು: "ಶೂ ಇಲ್ಲೇ ಬಿಟ್ಟು ಒಳಗೆ ಬನ್ನಿ."

ಅವನು ಬಗ್ಗಿದ. ಲೇಸಿಗೆ ಕೈಯಿಟ್ಟವನು ಬಿಚ್ಚಲಿಲ್ಲ. ಎದ್ದ, ತಿರುಗಿದ, ಕಾರು ಹತ್ತಿ ಹೊರಟುಹೋದ.

"ಏನಂದೆ ಅವನಿಗೆ?" ಗಿರಿಧರ್ ಅಡುಗೆಮನೆಯಿಂದ ಬಂದು ಕೇಳಿದರು.

"ಶೂ ಬಿಡಿ ಅಂದೆ, ಅಷ್ಟೇ."

ಹಾಗೆಂದ ಮೇಲೇ ತಾನು ಏನಂದೆನೆಂದು ಅವಳಿಗೆ ತಟ್ಟಿದ್ದು. ಸುಹಾಸನಿಗೆ ಫೋನ್ ಮಾಡಿದರೆ ಅವನು ರೇಗಿದ. "ಆಂಟಿ, ಬ್ಯಾರಕ್ಸ್‌ನಲ್ಲಿ ಫಸ್ಟ್ ಹೇಳ್ತಿದ್ದಿದ್ದೇ ಅದು. 'ಶೂ ತೆಗಿ.' ಆಮೇಲೆ ಹೊಡೀತಿದ್ರು. ನಾನು ಕಳಿಸಿದ್ ನೋಟ್ಸ್ ಓದಿಲ್ವಾ?"

ಓದಿದ್ದಳು, ಎರಡು ಸಲ. ಬಾಗಿಲಲ್ಲಿ ಮಾತಾಡಿದ್ದು ಡಾಕ್ಟರಲ್ಲ, ಮನೆಯೊಡತಿ.

"ಕಠ್ಮಂಡುಗೆ ಕಳಿಸೋಕೆ ಶುಕ್ರವಾರ ಲಾಸ್ಟ್ ಡೇಟ್ ಆಂಟಿ. ಆ ರೂಮಲ್ಲಿದ್ದ ನಾಲ್ಕು ಜನದಲ್ಲಿ ಇವನೊಬ್ಬನೇ ಉಳಿದಿರೋದು. ರಿಪೋರ್ಟ್ ಇಲ್ದಿದ್ರೆ ಅಲ್ಲಿ ನಿಂತು ಹೊಡೆಸಿದ ಮೇಜರ್ ಮೇಲೆ ಕೇಸೇ ನಿಲ್ಲಲ್ಲ."

ಮೂರು ದಿನ ಫಿರುಲಾಲ್ ಫೋನ್ ಎತ್ತಲಿಲ್ಲ. ಗುರುವಾರ ಬೆಳಗಾಗುತ್ತಲೇ ಹಂಸಾ ಹ್ಯೂಸ್ಟನ್‌ಗೆ ಹೊರಟಳು. ಬಂಕಿನ ಹಿಂದಿನ ಕೋಣೆಯಲ್ಲಿ ಅವನಿದ್ದ. ಸರಪಳಿ ಬಿಚ್ಚದೆ ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದ.

"ತಪ್ಪಾಯ್ತು. ಅದನ್ನ ಹೇಳೋಕೇ ಬಂದೆ. ಮಾತಾಡದಿದ್ರೂ ಸರಿ, ಹೋಗ್ತೀನಿ."

ಸರಪಳಿ ಬಿಚ್ಚಿಕೊಂಡಿತು. ಅವಳು ಶೂ ಕಳಚದೆ ಒಳಗೆ ಹೋಗಿ ನೆಲದ ಮೇಲೆ ಕೂತಳು. ಹುಟ್ಟಿದಾಗಿನಿಂದ ಯಾರ ಮನೆಯಲ್ಲೂ ಹಾಗೆ ಮಾಡಿದವಳಲ್ಲ. ಅವನು ಮಂಚದ ತುದಿಯಲ್ಲಿ ಕೂತು, ಗೋಡೆ ನೋಡುತ್ತ ಹೇಳಿದ.

ಅವನನ್ನೂ ಅವನ ಅಣ್ಣನನ್ನೂ ಭತ್ತದ ಗದ್ದೆಯಿಂದ ಹಿಡಿದೊಯ್ದಿದ್ದರು. ಕೋಲಿಗೆ ಕಾಲು ಕಟ್ಟಿ, ಅಂಗಾಲು ಮೇಲೆ ಮಾಡಿ, ನೀರಿನ ಪೈಪಿನಿಂದ ಹೊಡೆದರು. ಎಣಿಸು ಎಂದರು. ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ. ಊದಿದ ಕಾಲಲ್ಲಿ ಜಲ್ಲಿಯ ಮೇಲೆ ಓಡಿಸಿದರು. ಮೇಜರ್ ಬೂಟಿನ ಹಿಮ್ಮಡಿಯಿಂದ ಇವನ ಎಡಗಾಲಿನ ಕಿರುಬೆರಳು ಜಜ್ಜಿ, ಮೂಳೆ ಮುರಿದ ಸದ್ದು ಕೇಳಿ ನಕ್ಕ. ಅಣ್ಣನಿಗೆ ಎಣಿಕೆ ಬರುತ್ತಿರಲಿಲ್ಲ, ಶಾಲೆಗೆ ಹೋದವನಲ್ಲ. ಅವನನ್ನು ತಲೆಕೆಳಗು ಮಾಡಿ ಡ್ರಮ್ಮಿನ ನೀರಿಗೆ ಅದ್ದಿದರು, ಎತ್ತಿದರು, ಅದ್ದಿದರು. ಕೊನೆಯ ಸಲ ಎತ್ತುವ ಹೊತ್ತಿಗೆ ಕಾಲು ಒದ್ದಾಡುವುದು ನಿಂತಿತ್ತು. ಹೆಣ ಕೊಡಲಿಲ್ಲ.

"ನಾನು ಎಣಿಸಿದೆ ಅಮ್ಮ. ಜೋರಾಗಿ ಎಣಿಸಿದೆ. ಅದಕ್ಕೇ ಬದುಕಿದೆ."

ಹಂಸಾ ಚೀಲದಿಂದ ಅಳತೆ ಪಟ್ಟಿ ತೆಗೆದು ನೆಲದ ಮೇಲಿಟ್ಟಳು. ಅವನೇ ಲೇಸು ಬಿಚ್ಚಿದ. ಅವಳು ಅವನ ಪಾದಗಳನ್ನು ತೊಡೆಯ ಮೇಲೆ ಎಳೆದುಕೊಂಡಾಗ ಅವನು ಬೆಚ್ಚಿ ಹಿಂದೆಗೆದ.

"ಬೇಡಮ್ಮ, ನೀವು ದೊಡ್ಡವರು. ಪಾಪ ಸುತ್ತಿಕೊಳ್ಳುತ್ತೆ ನನಗೆ."

"ಹೊಡೆದವರಿಗೆ ಸುತ್ತಿಕೊಳ್ಳಲಿ. ಅಲ್ಲಾಡಬೇಡ, ಅಳತೆ ತಪ್ಪುತ್ತೆ."

ಗಟ್ಟಿಯಾದ ಚರ್ಮ, ಸವೆದುಹೋದ ಹಿಮ್ಮಡಿಯ ಮೆತ್ತೆ, ಸೊಟ್ಟಗೆ ಕೂಡಿಕೊಂಡ ಬೆರಳು. ಒಂದೊಂದನ್ನೂ ಅಳೆದು, ಚಿತ್ರ ಬರೆದು, ಪುಟ ಪುಟಕ್ಕೂ ಸಹಿ ಹಾಕಿದಳು. ಹನ್ನೊಂದು ಪುಟ. ಅಲ್ಲೇ ಪುಟಗಳ ಫೋಟೊ ತೆಗೆದು ಸುಹಾಸನಿಗೆ ಕಳಿಸಿ, ಫಿರುಲಾಲ್ ಕೊಟ್ಟ ಚಹಾ ಕುಡಿದು ಹೊರಟಳು.

ಹಂಟ್ಸ್‌ವಿಲ್ ದಾಟುವಾಗ ಅವಳಿಗೆ ಹೊಳೆಯಿತು. ಮಲಗಿದ ಹೆಣದ ಪಕ್ಕ ನಿಂತು ಇಪ್ಪತ್ತೇಳು ವರ್ಷ ಬರೆದವಳು. ಎದುರಿಗೆ ಕೂತ ಮನುಷ್ಯನ ಎಡಗಾಲು ತನ್ನ ಬಲಕ್ಕೆ ಬರುತ್ತದೆ. ಚಿತ್ರದಲ್ಲಿ ಮುರಿದ ಬೆರಳು ಎಡಗಾಲಿನದು. ಕೆಳಗಿನ ಸಾಲಿನಲ್ಲಿ 'ಬಲಗಾಲು' ಎಂದು ಬರೆದಿದ್ದಳು. ಮೇಜರ್‌ನ ವಕೀಲನಿಗೆ ಅಷ್ಟು ಸಾಕು. ವರದಿ ಸುಳ್ಳು ಎನ್ನುತ್ತಾನೆ, ಫಿರುಲಾಲ್ ಸುಳ್ಳ ಎನ್ನುತ್ತಾನೆ.

ಸುಹಾಸನಿಗೆ ಕರೆ ಮಾಡಿದಳು. "ಏಳನೇ ಪುಟ ತಪ್ಪಿದೆ ಕಣೋ. ಕಳಿಸಬೇಡ."

"ಅಪ್‌ಲೋಡ್ ಮಾಡ್ತಾ ಇದೀನಿ ಆಂಟಿ, ಅಲ್ಲಿ ಆಗ್ಲೇ ಫ್ರೈಡೇ ಆಗಿದೆ. ಸರಿ, ವೇಟ್ ಮಾಡ್ತೀನಿ. ಮುಂದಿನ ಎಕ್ಸಿಟ್‌ನಲ್ಲಿ ಹೈವೇ ಬಿಟ್ಟು ನಿಲ್ಸಿ, ಅವಸರ ಬೇಡ."

"ಎಕ್ಸಿಟ್‌ಗೆ ಇನ್ನೂ ಎಂಟು ಮೈಲಿ. ತಡಿ."

ಎಚ್ಚರಿಕೆಯ ದೀಪ ಹಾಕಿ ಕಾರನ್ನು ರಸ್ತೆಯಂಚಿಗೆ ತಂದಳು. ಪುಟವನ್ನು ಸ್ಟೇರಿಂಗ್ ಮೇಲೆ ಒತ್ತಿಹಿಡಿದು 'ಬಲ' ಹೊಡೆದುಹಾಕಿ 'ಎಡ' ಎಂದು ಬರೆದಳು. ಪಕ್ಕದಲ್ಲಿ ಸಹಿ, ತಾರೀಕು, ವೇಳೆ: ಎರಡು ನಲವತ್ತೊಂದು. ಫೋಟೊ ತೆಗೆದು ಸುಹಾಸನಿಗೆ ಕಳಿಸಿದಳು. ಅದರ ಕೆಳಗೆ ಬರೆದಳು: "ಈಗ ಸರಿಯಾಗಿದೆ. ಕಳಿಸು."